ಅಜ್ಜಿ ಹತ್ತಿದ ದೊಡ್ಡ ಕಾರು

ಮಕ್ಕಳೇ, ಅಮೆರಿಕದ ಟೆಕ್ಸಸ್‌ನಲ್ಲಿ ಆರ್ಲಿಂಗ್ಟನ್ ಎಂಬ ಊರಿದೆ. ಕ್ಯಾಡಿಲ್ಯಾಕ್ ಎಸ್ಕಲೇಡ್ ಎಂಬ ಭಾರೀ ಐಷಾರಾಮಿ ಕಾರು ತಯಾರಾಗುವುದು ಇಲ್ಲಿಯೇ. ಉದ್ದ 17 ಅಡಿಗೂ ಹೆಚ್ಚು; ಒಳಗೆ ಮೂರು ಸಾಲು ಸೀಟು!

ಹೊಸದರ ಬೆಲೆ ಕೈಗೆಟುಕದು. ಹಾಗಾಗಿ ಅಲ್ಲಿರುವ ಮಗಳ ಜೊತೆ ಹಳೆಯದನ್ನು ನೋಡಲು ಹೋದೆವು. ಮುಂದಿನ ಗಾಜಿನ ಮೂಲೆಯಲ್ಲಿದ್ದ 17 ಅಕ್ಷರ-ಅಂಕಿಗಳ ಗುರುತುಸಂಖ್ಯೆಯಿಂದ, ಕಂಪನಿ ಉಚಿತವಾಗಿ ಮಾಡಿಕೊಡಬೇಕಾದ ದುರಸ್ತಿ ಬಾಕಿಯಿದೆಯೇ ಎಂದು ಅವಳು ಮೊಬೈಲ್‌ನಲ್ಲಿ ನೋಡಿದಳು. ನಾನು ಟೈರು ಸವರಿದೆ. ಒಂದೇ ಅಂಚು ಸವೆದಿದ್ದರೆ ಚಕ್ರಗಳ ಅಲೈನ್‌ಮೆಂಟ್ ತಪ್ಪಿರಬಹುದು. ಮೊಮ್ಮಗ ಕೊನೆಯ ಸಾಲಿಗೆ ನುಗ್ಗಿ ಕಾಲು ಚಾಚಿದ.

ದೊಡ್ಡ ಪರೀಕ್ಷೆ ಮಂಡಿನೋವಿನ ಅಜ್ಜಿಯದು. ಬಾಗಿಲು ತೆರೆದೊಡನೆ ಮೆಟ್ಟಿಲು ತಾನೇ ಹೊರಬಂತು. ಹಿಡಿಕೆ ಹಿಡಿದು ಹತ್ತಿ ಕುಳಿತ ಅಜ್ಜಿ, "ಇನ್ನು ನನ್ನನ್ನೂ ಊರು ಸುತ್ತಿಸಬಹುದು" ಅಂದಳು.

"ಮೆಕ್ಯಾನಿಕ್ ಒಮ್ಮೆ ನೋಡಲಿ ಅಮ್ಮಾ, ಆಮೇಲೆ ದುಡ್ಡು" ಎಂದಳು ಮಗಳು.