ಹೊರೆ ಹೊರದ ಕಂಬಗಳು

ಮಲೆನಾಡಿನ ಅರಳಸುರಳಿ ಕಡೆಯ ಹಳೇ ತೊಟ್ಟಿಮನೆಯೊಂದನ್ನು ಹೋಂಸ್ಟೇ ಕಟ್ಟಲೆಂದು ಬಿಚ್ಚಿದರು. ಬಿಚ್ಚುವ ದಿನ ನಾನಲ್ಲಿದ್ದೆ. ಮರದ ವ್ಯಾಪಾರಿ ಕೆತ್ತನೆಯ ಕಂಬಕ್ಕೆ ಕೈತುಂಬ ದುಡ್ಡು ಹೇಳಿದ, ಬೋಳುಕಂಬಕ್ಕೆ ಸೌದೆ ರೇಟು. "ಮನೆ ಹೊತ್ತದ್ದು ಬೋಳುಕಂಬ ಮಾರಾಯ" ಎಂದು ಮನೆಯ ಹಿರಿಯಮ್ಮ ಚೌಕಾಸಿ ಮಾಡಿದರು. "ಅದನ್ನ ಯಾರು ನೋಡ್ತಾರೆ ಅಮ್ಮಾ" ಅಂದ. ಕೊನೆಗೆ ಕೊಟ್ಟರು.

1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿ ಕಣಿವೆ ಮುಳುಗಿದಾಗಲೂ ಮನೆ ಬಿಚ್ಚಿದವರಿದ್ದರು. ಕಂಬ, ಬಾಗಿಲು ಗಾಡಿಗೆ ಹೇರಿಕೊಂಡು ಹೋಗಿ ಇನ್ನೊಂದು ಕಡೆ ಮತ್ತೆ ಮನೆ ಎಬ್ಬಿಸಿಕೊಂಡರು.

ನಮ್ಮ ಮನೆಯ ಮಾಡು ರಿಪೇರಿಗೆ ಬರುತ್ತಿದ್ದ ಆಚಾರ್ರು ಅಳತೆಕೋಲು ಹಿಡಿಯುವ ಮೊದಲು ಅಜ್ಜಿಯನ್ನು ಕೇಳುತ್ತಿದ್ದರು: "ಎರಚಲು ಎಲ್ಲೀತನಕ ಬರ್ತದೆ?" ಅಜ್ಜಿ ಜಗಲಿಯ ಮೇಲೆ ಕಾಲ್ಬೆರಳಲ್ಲಿ ಗೆರೆ ಎಳೆದು ತೋರಿಸುವಳು. ಒಮ್ಮೆ ಆ ಗೆರೆ ನೋಡಿ ಪಡುವಣ ಮಾಡನ್ನು ಇನ್ನೊಂದು ಮೊಳ ಇಳಿಸಿದರು. ಹಲಸಿನ ಕಂಬದ ತಲೆಗೆ ಕಚ್ಚು ಕೊರೆದು, ತೊಲೆ ಕೂರಿಸಿ, ಮರದ ಬೆಣೆ ಹೊಡೆಯುವರು. ಒಂದು ಮೊಳೆ ಇಲ್ಲ. ಕಂಬಕ್ಕೆ ಕಿವಿ ಕೊಟ್ಟು ಇನ್ನೊಂದು ಪೆಟ್ಟು ಹಾಕಿ, ಸದ್ದಿನಲ್ಲೇ ಬಿಗಿ ಹೇಳುವರು. ಅಡಿಕೆ ಬೇಯಿಸುವಾಗಿನ ಚೊಗರಿನ ವಾಸನೆ ಆ ಕಂಬಗಳಿಗೆ ಹತ್ತಿಕೊಂಡು, ಬೇಸಿಗೆಯಲ್ಲಿ ಮೂಗು ತಾಗಿಸಿದರೂ ಬರುತ್ತಿತ್ತು.

ಕತ್ತಲಾದ ಮೇಲೆ ಬಂದವರು ಯಾರೇ ಇರಲಿ, ಬೆಲ್ಲ-ನೀರು, ಜಗಲಿಯಲ್ಲಿ ಚಾಪೆ ಎಂದು ನಮ್ಮವರು ಈಗ ಹೇಳಿಕೊಳ್ಳುತ್ತಾರೆ. ಪೂರ್ತಿ ನಿಜವಲ್ಲ. ಜಾತಿ ನೋಡಿ ಕೆಲವರಿಗೆ ಜಗಲಿ, ಕೆಲವರಿಗೆ ಅಂಗಳದ ಚಪ್ಪರ. ತಿಂಗಳಲ್ಲಿ ಮೂರು ದಿನ ಮನೆಯ ಹೆಂಗಸರೂ ಹೊರಗೇ. ಅಡುಗೆಮನೆಯ ಹೊಗೆಯಲ್ಲಿ ಅಜ್ಜಿಯ ಕಣ್ಣು ಹೋಯಿತು. ಅರಳಸುರಳಿ ಕಡೆ ಈಗ ಎದ್ದಿರುವ ಆ ಹೋಂಸ್ಟೇಯಲ್ಲಿ ಬಂದವರೆಲ್ಲ ಒಳಗೇ ಮಲಗುತ್ತಾರೆ, ಬಚ್ಚಲು ರೂಮಿಗೇ ಅಂಟಿಕೊಂಡಿದೆ. ಅಷ್ಟರ ಮಟ್ಟಿಗೆ ಹೊಸದೇ ವಾಸಿ, ಸಂಶಯವಿಲ್ಲ.

ಆದರೆ ಮಳೆ? ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿಲಿಮೀಟರಿಗೂ ಹೆಚ್ಚು ಸುರಿಯುತ್ತದೆ. ಅಂಥ ಸೀಮೆಯಲ್ಲಿ ಸಪಾಟು ತಾರಸಿ, ಗೇಣುದ್ದದ ಸೂರು, ಆಳೆತ್ತರದ ಗಾಜು! ಮೊದಲ ಮಳೆಗಾಲಕ್ಕೇ ಗೋಡೆಗೆ ಪಾಚಿ, ಹಾಸಿಗೆಗೆ ಬೂಷ್ಟು. ಈಗ ತಾರಸಿಯ ಮೇಲೆ ತಗಡು ಹೊದಿಸಿದ್ದಾರೆ. ಮಳೆ ಬಂದರೆ ಪಕ್ಕದವರ ಮಾತೂ ಕೇಳದು. ಮುಂಬಾಗಿಲ ಎದುರು ಕೆತ್ತನೆಯ ಕಂಬ ನಿಲ್ಲಿಸಿದ್ದಾರೆ, ಯಾರ ಮನೆಯದೋ. ತಲೆಯ ಕಚ್ಚಿಗೆ ಸಿಮೆಂಟು ಮೆತ್ತಿದೆ. ಮೇಲಿನ ಭಾರವೆಲ್ಲ ಕಾಂಕ್ರೀಟಿನದು, ಕಂಬ ಸುಮ್ಮನೆ ನಿಂತಿದೆ. ಅತಿಥಿಗಳು ಅದಕ್ಕೆ ಒರಗಿ ಫೋಟೊ ತೆಗೆಸಿಕೊಳ್ಳುತ್ತಾರೆ.

ಹಳೇ ಮನೆಯನ್ನೇ ಮತ್ತೆ ಕಟ್ಟಿ ಎಂದು ನಾನು ಹೇಳುತ್ತಿಲ್ಲ. ನಕ್ಷೆ ಬರೆಯುವ ಇಂಜಿನಿಯರು ಒಂದು ಆಷಾಢ ಇಲ್ಲೇ ಉಳಿದು, ಎರಚಲು ಎಲ್ಲೀತನಕ ಬರುತ್ತದೆಂದು ಕಣ್ಣಾರೆ ನೋಡಿ ಗುರುತು ಹಾಕಲಿ. ಸೂರಿನ ಉದ್ದ ಆಮೇಲೆ ಬರೆಯಲಿ.