ತೂಬು ಎತ್ತಿದ ತಾಯಿ

ಮೆಹಬೂಬ್ ಖಾನರ ‘ಮದರ್ ಇಂಡಿಯಾ’ 1957ರ ಅಕ್ಟೋಬರ್ 25ರಂದು ತೆರೆಕಂಡ ಹಿಂದಿ ಚಿತ್ರ. ಹೆಚ್ಚುಕಡಿಮೆ ಮೂರು ತಾಸಿನ ಈ ದುರಂತ ಕಥೆಗೆ ನೌಷಾದರ ಸಂಗೀತವಿದೆ, ಶಕೀಲ್ ಬದಾಯೂನಿಯವರ ಹಾಡುಗಳಿವೆ. ಕಥೆ ಶುರುವಾಗುವುದು ಊರಿಗೆ ಬಂದ ಹೊಸ ಕಾಲುವೆಯ ಉದ್ಘಾಟನೆಯಿಂದ. ಊರಿನ ಹಿರಿಯಳಾದ ರಾಧಾಳ ಕೈಯಿಂದಲೇ ತೂಬು ಎತ್ತಿಸಬೇಕೆಂದು ಜನ ಹಟ ಹಿಡಿಯುತ್ತಾರೆ. ಕೊರಳಿಗೆ ಬಿದ್ದ ಹೂಮಾಲೆಯ ವಾಸನೆಗೆ ಮುದುಕಿಗೆ ತನ್ನ ಮದುವೆಯ ದಿನ ನೆನಪಾಗುತ್ತದೆ. ಅಲ್ಲಿಂದ ಮುಂದಿನದೆಲ್ಲ ಆ ನೆನಪೇ. ರಾಯಚೂರು ಜಿಲ್ಲೆಯ ಸಿಂಧನೂರು, ಮಸ್ಕಿ, ಲಿಂಗಸುಗೂರು ಸೀಮೆಗೂ ಈ ಚಿತ್ರಕ್ಕೂ ಇರುವ ನಂಟು ಆ ಕಾಲುವೆಯದೇ.

ಮೆಹಬೂಬ್ ಖಾನರು ಈ ಕಥೆಯನ್ನು ಒಮ್ಮೆ ಹೇಳಿ ಮುಗಿಸಿದ್ದರು. 1940ರ ‘ಔರತ್’ ಚಿತ್ರದಲ್ಲಿ ರಾಧಾ ಆಗಿದ್ದವರು ಸರ್ದಾರ್ ಅಖ್ತರ್. ಮುಂದೆ ಅವರು ಮೆಹಬೂಬರ ಪತ್ನಿಯಾದರು. ಬಡ್ಡಿ ಸಾಹುಕಾರ ಸುಖೀಲಾಲನ ಪಾತ್ರವನ್ನು ಎರಡೂ ಚಿತ್ರಗಳಲ್ಲಿ ಕನ್ಹಯ್ಯಾಲಾಲರೇ ಮಾಡಿದರು. ಹೊಸ ಹೆಸರು ಮಾತ್ರ ಬೇಕೆಂದೇ ಆರಿಸಿಕೊಂಡದ್ದು. ಅಮೆರಿಕದ ಕ್ಯಾಥರೀನ್ ಮೇಯೊ 1927ರಲ್ಲಿ ಇದೇ ಹೆಸರಿನ ಪುಸ್ತಕ ಬರೆದು ಭಾರತವನ್ನು ಹಳಿದಿದ್ದಳು. ಚಿತ್ರ ಅದಕ್ಕೆ ಕೊಟ್ಟ ಉತ್ತರ. ರಾಧಾಳಾಗಿ ನಟಿಸಿದ ನರ್ಗಿಸ್, ಮಗ ಬಿರ್ಜು ಆಗಿ ನಟಿಸಿದ ಸುನೀಲ್ ದತ್ತ್ ಇಬ್ಬರೂ 1929ರ ಜೂನ್ ತಿಂಗಳಲ್ಲಿ ಹುಟ್ಟಿದವರು. ಚಿತ್ರೀಕರಣದಲ್ಲಿ ಬಣವೆಗೆ ಹಚ್ಚಿದ ಬೆಂಕಿ ಕೈಮೀರಿ ನರ್ಗಿಸ್ ನಡುವೆ ಸಿಕ್ಕಿಕೊಂಡಾಗ ಹೊರಗೆ ತಂದವರು ಸುನೀಲ್ ದತ್ತ್. ತೆರೆಯ ಮೇಲಿನ ತಾಯಿ–ಮಗ 1958ರ ಮಾರ್ಚಿನಲ್ಲಿ ಗಂಡ–ಹೆಂಡತಿಯಾದರು. ಅದೇ ವರ್ಷ ನರ್ಗಿಸ್‌ಗೆ ಕಾರ್ಲೊವಿ ವಾರಿ ಚಿತ್ರೋತ್ಸವದಲ್ಲಿ ಶ್ರೇಷ್ಠ ನಟಿ ಪ್ರಶಸ್ತಿ ಸಿಕ್ಕಿತು. ಆಸ್ಕರ್‌ನ ಕೊನೆಯ ಸುತ್ತಿಗೆ ಹೋದ ಮೊದಲ ಭಾರತೀಯ ಚಿತ್ರವೂ ಇದೇ.

ಕಥೆಯ ಬೇರು ಒಂದು ಸಾಲದ ಪತ್ರದಲ್ಲಿದೆ. ಮಗನ ಮದುವೆಗೆಂದು ಅತ್ತೆ ಸುಖೀಲಾಲನ ಹತ್ತಿರ ತಂದದ್ದು 500 ರೂಪಾಯಿ. ಪಂಚರ ಮುಂದೆ ನ್ಯಾಯ ಸಾಹುಕಾರನ ಕಡೆಗೇ ಆಗಿ, ಬೆಳೆಯ ಮುಕ್ಕಾಲು ಪಾಲು ಬಡ್ಡಿಗೆ ಹೋಗುವಂತಾಗುತ್ತದೆ. ಕಲ್ಲುಭೂಮಿ ಹಸನು ಮಾಡಲು ಹೋಗಿ ಗಂಡ ಎರಡೂ ಕೈ ಕಳೆದುಕೊಂಡು, ನಾಚಿಕೆಗೆ ಮನೆ ಬಿಟ್ಟು ಹೋಗುತ್ತಾನೆ. ನೆರೆ ಬಂದು ಬೆಳೆ ಕೊಚ್ಚುತ್ತದೆ, ಕೂಸುಗಳು ಸಾಯುತ್ತವೆ. ರಾಧಾ ತಾನೇ ನೇಗಿಲು ಎಳೆದು ಉಳಿದ ಇಬ್ಬರು ಗಂಡುಮಕ್ಕಳನ್ನು ಸಾಕುತ್ತಾಳೆ. ಕಿರಿಯವನಾದ ಬಿರ್ಜುವಿನ ಕಣ್ಣು ಮಾತ್ರ ಸಾಹುಕಾರನ ಮನೆಯಲ್ಲಿ ಅಡ ಬಿದ್ದ ತಾಯಿಯ ಬಳೆಗಳ ಮೇಲೆ. ಕಡೆಗೆ ಅವನು ಡಕಾಯಿತನಾಗಿ ಬಂದು ಸುಖೀಲಾಲನನ್ನು ಕೊಂದು, ಮದುಮಗಳಾಗಿ ಕೂತ ಅವನ ಮಗಳನ್ನು ಎತ್ತಿಕೊಂಡು ಹೊರಡುತ್ತಾನೆ. ಊರ ಹೆಣ್ಣುಮಗಳ ಮಾನ ಎಲ್ಲರ ಮಾನ ಎಂದು ರಾಧಾ ಹೆತ್ತ ಮಗನಿಗೇ ಗುಂಡು ಹಾರಿಸುತ್ತಾಳೆ. ನೆನಪು ಮುಗಿದು ಅವಳು ತೂಬು ಎತ್ತಿದಾಗ ಕಾಲುವೆಗೆ ಮೊದಲು ಹರಿಯುವುದು ಕೆಂಪು ನೀರು.

ಸಿಂಧನೂರು ಸೀಮೆಗೆ ನೀರು ಕೊಡುವ, ಹೊಸಪೇಟೆ ಬಳಿಯ ತುಂಗಭದ್ರಾ ಅಣೆಕಟ್ಟೆಗೆ ಶಂಕುಸ್ಥಾಪನೆಯಾದದ್ದು 1945ರಲ್ಲಿ. 1953ರಲ್ಲಿ ಕಟ್ಟಡ ಮುಗಿದು, ಎಡದಂಡೆ ಕಾಲುವೆಯ ನೀರು ಮುಂದಿನ ವರ್ಷಗಳಲ್ಲಿ ಹಂತಹಂತವಾಗಿ ಸಿಂಧನೂರಿನ ಎರೆಹೊಲಗಳಿಗೆ ಬಂತು. 1948ರ ತನಕ ನಿಜಾಮರ ಆಡಳಿತವಿದ್ದು, ಕಚೇರಿ–ಶಾಲೆಗಳಲ್ಲಿ ಉರ್ದು ನಡೆದಿದ್ದ ಈ ಭಾಗದ ಹಿರಿಯರಿಗೆ ಹಿಂದಿ ಚಿತ್ರದ ಮಾತು ಬಿಡಿಸಿ ಹೇಳಬೇಕಿರಲಿಲ್ಲ. ನೀರಿನ ಬೆನ್ನಿಗೆ ಆಂಧ್ರದ ರೈತರು ಬಂದು ಭೂಮಿ ಕೊಂಡು ಕ್ಯಾಂಪು ಕಟ್ಟಿದರು. ಬಿಳಿಜೋಳದ ಹೊಲಗಳಲ್ಲಿ ನೆಲ್ಲು ನಿಂತಿತು. ಕ್ಯಾಂಪಿನವರ ಭಾಷೆಗೂ ಈ ಕಥೆ ಹೋಯಿತು: 1971ರಲ್ಲಿ ಜಮುನಾ ನಟಿಸಿದ ‘ಬಂಗಾರು ತಲ್ಲಿ’ ಇದೇ ಚಿತ್ರದ ತೆಲುಗು ರೂಪ.

ನೀರಿಗೆ ಜೀವ ತೆರುವ ಕಥೆ ಕನ್ನಡಕ್ಕೆ ಹೊಸದಲ್ಲ. ‘ಕೆರೆಗೆ ಹಾರ’ ಎಂಬ ಜನಪದ ಕಥನಗೀತೆಯಲ್ಲಿ ಮಲ್ಲನಗೌಡ ಕಟ್ಟಿಸಿದ ಕೆರೆಗೆ ನೀರು ಬಾರದೆ ಕಿರಿಸೊಸೆ ಭಾಗೀರಥಿ ಬಲಿಯಾಗುತ್ತಾಳೆ. ಅಲ್ಲಿ ಮನೆಯ ಹಿರಿಯರು ಗೊತ್ತುಮಾಡುತ್ತಾರೆ, ಸೊಸೆ ಹೋಗುತ್ತಾಳೆ. ಚಿತ್ರದಲ್ಲಿ ಗೊತ್ತುಮಾಡುವವಳೂ ಕಳೆದುಕೊಳ್ಳುವವಳೂ ಒಬ್ಬಳೇ. ಹಾಗೆಂದೇ ತೂಬಿನ ಹಿಡಿಕೆ ಅವಳ ಕೈಗೆ ಸಿಗುತ್ತದೆ. ಊರಲ್ಲಿ ಕಾಣುವ ಉದ್ಘಾಟನೆಯ ಕಲ್ಲುಗಳಲ್ಲಿ ಮಂತ್ರಿಗಳ, ಎಂಜಿನಿಯರುಗಳ ಹೆಸರೇ ಇರುತ್ತದೆ.

ಈ ಪ್ರಬಂಧ ಬರೆದವನ ಅವ್ವ ಚಿತ್ರವನ್ನು ಟಿ.ವಿ.ಯಲ್ಲಿ ನೋಡಿದಾಗ ಅತ್ತದ್ದು ಮಗ ಸತ್ತಲ್ಲಿ ಅಲ್ಲ, ಬಳೆ ಅಡ ಬಿದ್ದಲ್ಲಿ. ಅವಳ ಪಾಟ್ಲಿಗಳೂ ನಾಟಿ ಮುಂಚೆ ಗೊಬ್ಬರಕ್ಕೆಂದು ಪೇಟೆಗೆ ಹೋಗಿ, ಸುಗ್ಗಿಯ ನಂತರ ತಿರುಗಿ ಬರುತ್ತಿದ್ದವು. ಬಂದ ದಿನ ಹುಣಸೆಹಣ್ಣು ಹಚ್ಚಿ ತಿಕ್ಕಿ, ಬೂದಿಬಟ್ಟೆಯಲ್ಲಿ ಒರೆಸಿ, ಒಂದೆರಡು ಹಬ್ಬ ತೊಟ್ಟು ತೆಗೆದಿಡುತ್ತಿದ್ದಳು. ಬಿರ್ಜುವಿನ ಶೌರ್ಯದ ಬಗ್ಗೆ ಅವಳದು ಒಂದೇ ಮಾತು: “ಕದ್ದರ ಬಡ್ಡಿ ತೀರ್ತದೇನಪ್ಪಾ?”

ಚಿತ್ರದ ನಂಬಿಕೆ ನೀರು ಬಂದರೆ ಸಾಲ ಹೋಗುತ್ತದೆ ಎಂಬುದು. ಇಲ್ಲಿ ನೀರು ಬಂತು, ಸಾಲ ಹೆಸರು ಬದಲಿಸಿತು. ಮಳೆಯ ಜೋಳಕ್ಕೆ ಮನೆಯ ಬೀಜ, ತಿಪ್ಪೆಗೊಬ್ಬರ ಸಾಕಾಗುತ್ತಿತ್ತು. ನೆಲ್ಲಿಗೆ ಚೀಲದ ಗೊಬ್ಬರ, ಹುಳಕ್ಕೆ ಹೊಡೆಯುವ ಎಣ್ಣೆ, ನಾಟಿಯ ಕೂಲಿ ಎಲ್ಲಕ್ಕೂ ಮುಂಗಡ ರೊಕ್ಕ ಬೇಕು. ಕೊಡುವವನು ದಲಾಲಿ ಅಂಗಡಿಯವನು. ಮಾಲು ಅವನ ಅಂಗಡಿಗೇ ಹೋಗಬೇಕು. ಎಡದಂಡೆಯ ಬಹುಪಾಲು ಭೂಮಿಯನ್ನು ಸರ್ಕಾರ ಗೊತ್ತುಮಾಡಿದ್ದು ಕಡಿಮೆ ನೀರಿನ ಬೆಳೆಗೆ. ಮೇಲ್ಭಾಗದವರು ನೆಲ್ಲು ಹಚ್ಚಿದಷ್ಟೂ ಮಾನ್ವಿ, ರಾಯಚೂರು ಕಡೆಯ ಕೊನೆಭಾಗಕ್ಕೆ ನೀರು ಕಡಿಮೆ.

ಕಾಲುವೆಯೇ ಬಾರದ ಊರುಗಳೂ ಇದೇ ಸೀಮೆಯಲ್ಲಿವೆ. ಲಿಂಗಸುಗೂರಿನ ಒಂದಿಷ್ಟು ಭೂಮಿಗೆ ನಾರಾಯಣಪುರ ಬಲದಂಡೆ ಕಾಲುವೆ ನೀರು ತಂದಿದೆ. ಅದೇ ಯೋಜನೆಯ 5ಎ ಕಾಲುವೆ ಬೇಕೆಂದು ಮಸ್ಕಿ ತಾಲ್ಲೂಕಿನ ಪಾಮನಕಲ್ಲೂರಿನಲ್ಲಿ ರೈತರು 2020ರಲ್ಲಿ ಧರಣಿ ಕೂತರು. ಮರುವರ್ಷದ ಮಸ್ಕಿ ಉಪಚುನಾವಣೆಯಲ್ಲಿ ಅದು ದೊಡ್ಡ ಮಾತಾಯಿತು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರೆಯ 19ನೇ ಗೇಟು ಕೊಚ್ಚಿಹೋದಾಗ, ಕಾಲುವೆ ಇರುವವರಿಗೂ ನೀರಿನ ಭರವಸೆ ಎಷ್ಟರದು ಎಂಬುದು ತಿಳಿಯಿತು. ರಾಧಾ ನೀರಿಗೆ ತೆತ್ತ ಬೆಲೆ ಒಂದು ಸಲದ್ದು. ಈ ಸೀಮೆಯ ತಾಯಂದಿರು ಅದನ್ನು ಹಂಗಾಮು ಹಂಗಾಮಿಗೂ ಕಂತಿನಲ್ಲಿ ಕಟ್ಟುತ್ತಿದ್ದಾರೆ.