ಜಕರೀಯನ ಮೌನ

ನನ್ನ ಬಳಿ ಕಲಿತ ಮಕ್ಕಳು ಈಗ ಎಲ್ಲಿಯಾದರೂ ಎದುರಾದರೆ ನನ್ನದೊಂದು ಮಾತನ್ನು ನೆನಪಿಸಿಕೊಂಡು ನಗುತ್ತಾರೆ. ಅದು ಹಳಗನ್ನಡ ಪದ್ಯದ ಸಾಲೂ ಅಲ್ಲ, ಸಂಧಿ ಸಮಾಸಗಳ ಸೂತ್ರವೂ ಅಲ್ಲ. "ಸುಮ್ಮನಿರಿ" ಎಂಬ ಒಂದೇ ಪದದ ಗದರಿಕೆ. ಮೂವತ್ತಮೂರು ವರ್ಷಗಳ ಅಧ್ಯಾಪನದಲ್ಲಿ ಆ ಪದವನ್ನು ಎಷ್ಟು ಸಾವಿರ ಸಲ ಉಚ್ಚರಿಸಿದೆನೋ ಲೆಕ್ಕವಿಲ್ಲ. ತರಗತಿಯಲ್ಲಿ ಆಡಿದ್ದಕ್ಕೆ ನನಗೆ ಪಶ್ಚಾತ್ತಾಪವಿಲ್ಲ. ಆದರೆ ಒಮ್ಮೆ ನನ್ನ ಮನೆಯ ಜಗಲಿಯಲ್ಲಿ ಅದೇ ಮಾತನ್ನು ಆಡಿ, ಅದರ ಭಾರವನ್ನು ಒಂದು ಆಗಮನ ಕಾಲದುದ್ದಕ್ಕೂ ಹೊತ್ತೆ. ಈ ಸಂಗತಿಯನ್ನು ಮಗಳಿಗೂ ಬಿಡಿಸಿ ಹೇಳಿದವಳಲ್ಲ. ಡಿಸೆಂಬರ್ ಸಮೀಪಿಸಿದಾಗಲೆಲ್ಲ ಬರೆಯಬೇಕೆನಿಸುತ್ತಿತ್ತು. ಈ ಸಲ ಬರೆದುಬಿಡುತ್ತೇನೆ.

ನನ್ನ ವಿದ್ಯಾರ್ಥಿಗಳಲ್ಲಿ ಹೆಚ್ಚಿನವರು ಕ್ರೈಸ್ತರಲ್ಲವಾದುದರಿಂದ ಆಗಮನ ಕಾಲವೆಂದರೇನೆಂದು ನಾಲ್ಕು ಮಾತು ಹೇಳಬೇಕು. ಕ್ರಿಸ್ಮಸ್ಸಿಗೆ ಮುಂಚಿನ ನಾಲ್ಕು ಆದಿತ್ಯವಾರಗಳನ್ನೊಳಗೊಂಡ ಅವಧಿಯಿದು. 'ಅಡ್ವೆಂಟ್' ಎಂಬ ಪದದ ಮೂಲ ಲ್ಯಾಟಿನ್. ಬರುವಿಕೆ ಎಂದು ಅದರ ಅರ್ಥ. ಸಭೆಗೆ ಹೊಸ ವರ್ಷ ಆರಂಭವಾಗುವುದು ಜನವರಿಯಲ್ಲಲ್ಲ, ಈ ಮೊದಲ ಆದಿತ್ಯವಾರದಂದು. ದೇವಾಲಯದಲ್ಲಿ ಪಶ್ಚಾತ್ತಾಪದ ಬಣ್ಣವಾದ ನೇರಳೆಯ ವಸ್ತ್ರವನ್ನು ಹಾಸುತ್ತಾರೆ. ಹಸುರೆಲೆಗಳ ವೃತ್ತವೊಂದರಲ್ಲಿ ಮೇಣದಬತ್ತಿಗಳನ್ನಿಟ್ಟು ವಾರಕ್ಕೊಂದರಂತೆ ಹಚ್ಚುತ್ತಾರೆ. ನಿರೀಕ್ಷೆ, ಸಮಾಧಾನ, ಸಂತೋಷ, ಪ್ರೀತಿ ಎಂದು ಅವಕ್ಕೆ ಹೆಸರು. ಈ ಪದ್ಧತಿಯನ್ನು ಆರಂಭಿಸಿದವರು ಜರ್ಮನಿಯ ಹಾಂಬುರ್ಗಿನಲ್ಲಿ ಬಡಮಕ್ಕಳ ಆಶ್ರಮ ನಡೆಸುತ್ತಿದ್ದ ಯೋಹಾನ್ ಹಿನ್ರಿಖ್ ವಿಖರ್ನ್. ಕ್ರಿಸ್ಮಸ್ ಯಾವಾಗ, ಯಾವಾಗ ಎಂದು ಪೀಡಿಸುತ್ತಿದ್ದ ಮಕ್ಕಳಿಗಾಗಿ ಅವರು 1839ರಲ್ಲಿ ಗಾಡಿಯ ಚಕ್ರವೊಂದರ ಮೇಲೆ ವಾರದ ದಿನಗಳಿಗೆ ಚಿಕ್ಕ ಕೆಂಪು ಬತ್ತಿಗಳನ್ನೂ ಆದಿತ್ಯವಾರಗಳಿಗೆ ದೊಡ್ಡ ಬಿಳಿಯ ಬತ್ತಿಗಳನ್ನೂ ನಿಲ್ಲಿಸಿದರಂತೆ. ಮಕ್ಕಳಿಗೆ ಕಾಯಲು ಕಲಿಸುವ ಕಷ್ಟ ಅವರಿಗೂ ಗೊತ್ತಿತ್ತೆಂದು ಕಾಣುತ್ತದೆ.

ಇನ್ನು ನಮ್ಮವರ ವಿಷಯ. ಅವರು ಮಂಗಳೂರಿನ ಮುದ್ರಣಾಲಯವೊಂದರಲ್ಲಿ ಕರಡಚ್ಚು ತಿದ್ದುವ ಕೆಲಸದಲ್ಲಿದ್ದು ನಿವೃತ್ತರಾದವರು. ಈ ಊರಿಗೂ ಅಚ್ಚುಕೂಟಕ್ಕೂ ಹಳೆಯ ನಂಟು. 1843ರಲ್ಲಿ ಮೋಗ್ಲಿಂಗರು 'ಮಂಗಳೂರ ಸಮಾಚಾರ'ವನ್ನು ಹೊರಡಿಸಿದ್ದು, 1894ರಲ್ಲಿ ಕಿಟೆಲರ ನಿಘಂಟು ಪ್ರಕಟವಾದದ್ದು ಇಲ್ಲಿಯೇ. ನಮ್ಮವರಿಗೆ ಆ ನಿಘಂಟೆಂದರೆ ಪ್ರಾಣ. ಊಟಕ್ಕೆ ಕುಳಿತರೆ ಒಂದು ಪದ ಹಿಡಿದುಕೊಂಡು ಮಜ್ಜಿಗೆಯವರೆಗೂ ಎಳೆಯುತ್ತಿದ್ದರು. ದಿನವಿಡೀ ತರಗತಿಯ ಗದ್ದಲ ಕೇಳಿ ಬಂದ ನನಗೆ ಒಮ್ಮೊಮ್ಮೆ ಅದು ಸಾಕಾಗಿಬಿಡುತ್ತಿತ್ತು.

2003ನೆಯ ಇಸವಿ, ನವೆಂಬರ್ 29, ಶನಿವಾರ. ಮರುದಿನವೇ ಆಗಮನ ಕಾಲದ ಮೊದಲ ಆದಿತ್ಯವಾರ. ದೀಪಾವಳಿಯ ಗೂಡುದೀಪವನ್ನು ಪಕ್ಕದ ಮನೆಯವರು ಆಗಲೇ ಇಳಿಸಿದ್ದರು. ನಮ್ಮ ಜಗಲಿಗೆ ನಕ್ಷತ್ರ ಏರಬೇಕಿತ್ತು. ನಮ್ಮವರು ಬಿದಿರ ಕಡ್ಡಿಗಳಿಗೆ ಬಣ್ಣದ ಕಾಗದ ಅಂಟಿಸುತ್ತ, ನಕ್ಷತ್ರ ಎಂಬುದಕ್ಕೂ ತಾರೆ ಎಂಬುದಕ್ಕೂ ಏನು ಭೇದವೆಂದು ವಿವರಿಸತೊಡಗಿದ್ದರು. ನನ್ನ ಮುಂದೆ ಸೋಮವಾರಕ್ಕೆ ತಿದ್ದಿ ಮುಗಿಸಬೇಕಾದ ಉತ್ತರ ಪತ್ರಿಕೆಗಳ ಕಟ್ಟು. "ಒಂದು ಗಳಿಗೆ ಸುಮ್ಮನಿರಬಾರದೇ ನೀವು? ನಿಮ್ಮ ಮಾತು ಕೇಳಿ ಕೇಳಿ ತಲೆ ಚಿಟ್ಟುಹಿಡಿಯಿತು" ಎಂದೆ. ಅವರು ಶಾಲಾಬಾಲಕನಂತೆ ಬಾಯಿಯ ಮೇಲೆ ಬೆರಳಿಟ್ಟು, ನಕ್ಕು, ಒಳಗೆ ಹೋದರು.

ಅರ್ಧ ಗಂಟೆಯ ಬಳಿಕ ನಾನು ಒಳಗೆ ಹೋಗಿ ನೋಡಿದಾಗ ಅವರು ಕುರ್ಚಿಯಲ್ಲಿ ಒಂದು ಬದಿಗೆ ವಾಲಿದ್ದರು. ಬಲಗೈ ಜೋತುಬಿದ್ದಿತ್ತು, ಬಾಯಿ ಸೊಟ್ಟಗಾಗಿತ್ತು. ಏನನ್ನೋ ಹೇಳಲು ಯತ್ನಿಸಿದರು. ಮಾತಾಗದ ಒಂದು ಸದ್ದು ಮಾತ್ರ ಹೊರಬಂತು.

ಮಿದುಳಿನ ಎಡಭಾಗಕ್ಕೆ ಹೋಗುವ ರಕ್ತನಾಳದಲ್ಲಿ ತಡೆಯುಂಟಾಗಿ ಬಲಭಾಗ ಸ್ವಾಧೀನ ತಪ್ಪಿದೆ, ನುಡಿಯ ಕೇಂದ್ರಕ್ಕೂ ಪೆಟ್ಟಾಗಿದೆ ಎಂದು ವೈದ್ಯರು ಹೇಳಿದರು. ನಾವಾಡಿದ್ದು ಬಹುಮಟ್ಟಿಗೆ ಅವರಿಗೆ ತಿಳಿಯುತ್ತದೆ, ಆದರೆ ಅವರಿಂದ ಆಡಲಾಗುವುದಿಲ್ಲ. ಮಾತು ಮರಳುವುದೇ ಎಂದು ಕೇಳಿದೆ. "ಕಾದು ನೋಡಬೇಕಮ್ಮ" ಎಂದರು. ಹಾಗೆ ನನ್ನ ಆಗಮನ ಕಾಲ ಆಸ್ಪತ್ರೆಯ ಹೊರಜಗಲಿಯ ಬೆಂಚಿನ ಮೇಲೆ ಆರಂಭವಾಯಿತು.

ಮೊದಲನೆಯ ಆದಿತ್ಯವಾರ ನಾನು ದೇವಾಲಯಕ್ಕೆ ಹೋಗಲಿಲ್ಲ. ಪ್ರಾರ್ಥಿಸಲೂ ಇಲ್ಲ. ಕಂಡವರನ್ನೆಲ್ಲ ಪ್ರಶ್ನಿಸುತ್ತ, ಔಷಧದ ಚೀಟಿಗಳನ್ನು ಹಿಡಿದು ಮಹಡಿಯಿಂದ ಮಹಡಿಗೆ ಓಡಾಡುತ್ತಿದ್ದೆ. ನಿಂತರೆ ಆ ಮಾತು ನೆನಪಾಗುತ್ತಿತ್ತು. ಸುಮ್ಮನಿರಬಾರದೇ ಎಂದೆ, ಸುಮ್ಮನಾಗಿಬಿಟ್ಟರು. ರೋಗಕ್ಕೂ ನನ್ನ ಗದರಿಕೆಗೂ ಸಂಬಂಧವಿಲ್ಲವೆಂದು ಬುದ್ಧಿ ಹೇಳುತ್ತಿತ್ತು. ರಾತ್ರಿ ಎರಡು ಗಂಟೆಗೆ ಬುದ್ಧಿಯ ಮಾತನ್ನು ಕೇಳುವವರಾರು?

ಅಲ್ಲಿ ದಾದಿಯಾಗಿದ್ದವಳೊಬ್ಬಳು ನನ್ನ ಹಳೆಯ ವಿದ್ಯಾರ್ಥಿನಿ. ವಾರವಿಡೀ ನನ್ನ ಓಡಾಟ ನೋಡಿದ ಆಕೆ ಒಂದು ದಿನ ಭುಜ ಹಿಡಿದು ನನ್ನನ್ನು ಕೂರಿಸಿ, "ಟೀಚರ್, ನೀವೀಗ ಸ್ವಲ್ಪ ಸುಮ್ಮನೆ ಕೂತುಕೊಳ್ಳಿ" ಎಂದಳು. ಆ ಪದವನ್ನು ಆಕೆ ನನ್ನಿಂದಲೇ ಕಲಿತಿದ್ದಳು. ಆದರೆ ಆಕೆಯ ಬಾಯಲ್ಲಿ ಅದು ಗದರಿಕೆಯಾಗಿರಲಿಲ್ಲ. "ನಾಳೆ ಆದಿತ್ಯವಾರ. ಬೆಳಿಗ್ಗೆ ನಾನು ಸರ್ ಹತ್ತಿರ ಇರುತ್ತೇನೆ, ನೀವು ಚರ್ಚಿಗೆ ಹೋಗಿಬನ್ನಿ" ಎಂದಳು. ಆಕೆಯ ಹಣೆಯಲ್ಲಿ ಪುಟ್ಟ ಕುಂಕುಮವಿತ್ತು.

ಹೋದೆ. ಎರಡನೆಯ ಬತ್ತಿ, ಸಮಾಧಾನದ ಬತ್ತಿ, ಉರಿಯುತ್ತಿತ್ತು. ಸಭಾಪಾಲಕರು ಅಂದು ಲೂಕನ ಸುವಾರ್ತೆಯ ಮೊದಲ ಅಧ್ಯಾಯದಿಂದ ಬೋಧಿಸಿದರು. ಯಾಜಕನಾದ ಜಕರೀಯ ಮುದುಕ. ಅವನ ಹೆಂಡತಿ ಎಲಿಸಬೇತಳಿಗೆ ಮಕ್ಕಳಿಲ್ಲ. ಧೂಪ ಹಾಕಲು ಅವನು ದೇವಾಲಯದೊಳಗೆ ಹೋದಾಗ ದೇವದೂತನು ಕಾಣಿಸಿಕೊಂಡು, ಗಂಡುಮಗು ಹುಟ್ಟುವುದೆಂದು ತಿಳಿಸುತ್ತಾನೆ. ಇದನ್ನು ನಾನು ನಂಬುವುದು ಹೇಗೆ ಎಂದು ಜಕರೀಯ ಪ್ರಶ್ನಿಸುತ್ತಾನೆ. ನಂಬದ ಕಾರಣ, ಅದು ನೆರವೇರುವ ತನಕ ಅವನಿಗೆ ಮಾತು ನಿಂತುಹೋಗುತ್ತದೆ. ಹೊರಗೆ ಕಾಯುತ್ತಿದ್ದ ಜನರಿಗೆ ಅವನು ಬರಿಯ ಸನ್ನೆ ಮಾಡುತ್ತಾನೆ. ಮಗು ಹುಟ್ಟಿ ಎಂಟನೆಯ ದಿನ, ಯೋಹಾನನೆಂಬ ಹೆಸರನ್ನು ಹಲಗೆಯ ಮೇಲೆ ಬರೆದು ತೋರಿಸಿದಾಗ ಅವನ ನಾಲಿಗೆ ಸಡಿಲವಾಗುತ್ತದೆ.

ಚಿಕ್ಕಂದಿನಿಂದ ಕೇಳಿದ ಕಥೆ. ಅಂದು ಮಾತ್ರ ನನ್ನ ಮೇಲೆ ಹೊರಿಸಿದ ಆಪಾದನೆಯಂತೆ ಕೇಳಿಸಿತು. ಮಾತು ನಿಲ್ಲುವುದು ಶಿಕ್ಷೆ. ಹಾಗಾದರೆ ತಪ್ಪು ನನ್ನದು, ಶಿಕ್ಷೆ ಅವರಿಗೆ. ಇದು ಯಾವ ನ್ಯಾಯ? ಆರಾಧನೆ ಮುಗಿಯುವ ಮೊದಲೇ ಎದ್ದು ಬಂದೆ.

ಆದರೂ ಆ ಹಲಗೆ ಮನಸ್ಸಿನಲ್ಲಿ ಉಳಿಯಿತು. ಎರಡು ವಾರಗಳ ಬಳಿಕ ಮನೆಗೆ ಕರೆತಂದ ಮೇಲೆ ಶಾಲೆಯ ಮಕ್ಕಳ ಸ್ಲೇಟೊಂದನ್ನು ತಂದು ಅವರ ಎಡಗೈಗೆ ಬಳಪ ಕೊಟ್ಟೆ. ಜಕರೀಯನಾದರೂ ಬರೆದನಲ್ಲ. ನಮ್ಮವರು ಬಹಳ ಹೊತ್ತು ಸ್ಲೇಟನ್ನೇ ನೋಡಿದರು. ಎರಡು ಗೆರೆ ಎಳೆದರು, ಮೂರನೆಯದು ಎತ್ತಲೋ ಹೋಯಿತು. ನಲವತ್ತು ವರ್ಷ ಅನ್ಯರ ಅಕ್ಷರಗಳನ್ನು ತಿದ್ದಿದ ಕೈಗೆ ತನ್ನ ಹೆಸರಿನ ಮೊದಲಕ್ಷರ ಸಿಗಲಿಲ್ಲ. ಅವರ ಕಣ್ಣಲ್ಲಿ ನೀರು ತುಂಬಿದ್ದು ಕಂಡು ಸ್ಲೇಟನ್ನು ಅಟ್ಟಕ್ಕೆ ಹಾಕಿದೆ.

ಆ ಸಲ ನಮ್ಮಲ್ಲಿ ಚಕ್ಕುಲಿಯಿಲ್ಲ, ಕಲ್ಕಲ್ ಇಲ್ಲ, ಕೇಕೂ ಇಲ್ಲ. ಪಕ್ಕದ ಮನೆಯ ಅಕ್ಕ ದಿನವೂ ಕುಚ್ಚಲಕ್ಕಿಯ ಗಂಜಿ ತಂದು, ಏನೊಂದೂ ಕೇಳದೆ ಇಟ್ಟು ಹೋಗುತ್ತಿದ್ದರು. ಅರ್ಧಕ್ಕೆ ನಿಂತಿದ್ದ ನಕ್ಷತ್ರಕ್ಕೆ ಕಾಗದ ಅಂಟಿಸಿ ಕಟ್ಟಿದವನು ಅವರ ಮಗ.

ನಾಲ್ಕನೆಯ ಆದಿತ್ಯವಾರ ಡಿಸೆಂಬರ್ 21. ಅಂದಿನ ರಾತ್ರಿ ಸಭೆಯ ಯುವಕರು ಕ್ಯಾರಲ್ ಹಾಡುತ್ತ ಮನೆಮನೆಗೆ ಹೊರಟಿದ್ದರು. ನಮ್ಮ ಮನೆಗೆ ಬರುವುದೋ ಬೇಡವೋ ಎಂಬ ಸಂಕೋಚದಿಂದ ಗೇಟಿನ ಬಳಿ ನಿಂತಿದ್ದವರನ್ನು ಕಂಡು ನಾನೇ ಕರೆದೆ. ಜಗಲಿಯಲ್ಲಿ ನಿಂತು, ದನಿ ತಗ್ಗಿಸಿ, ನಮ್ಮ ಅಜ್ಜಿಯರ ಕಾಲದಿಂದ ಹಾಡಿಕೊಂಡು ಬಂದ ಒಂದು ಕನ್ನಡ ಸಂಗೀತವನ್ನು ಆರಂಭಿಸಿದರು. ಎರಡನೆಯ ಚರಣಕ್ಕೆ ಬರುವಷ್ಟರಲ್ಲಿ ನನ್ನ ಬಲಬದಿಯಿಂದ ಇನ್ನೊಂದು ದನಿ ಸೇರಿತು. ತಿರುಗಿ ನೋಡಿದರೆ ನಮ್ಮವರು ಹಾಡುತ್ತಿದ್ದರು. ಬರಿಯ ರಾಗವಲ್ಲ, ಪದಗಳು. ಬಾಯಿ ಸೊಟ್ಟಗಿದ್ದರೂ ಅಕ್ಷರ ಅಕ್ಷರವೂ ಸ್ಪಷ್ಟ. ಹುಡುಗರು ಬೆರಗಾದರೂ ಹಾಡು ನಿಲ್ಲಿಸಲಿಲ್ಲ. ಅದು ಅವರ ದೊಡ್ಡತನ.

ಹಾಡು ಮುಗಿದೊಡನೆ ನಾನು ಅವರ ಮುಖದ ಬಳಿ ಬಾಗಿ, ಮಾತಾಡಿ, ಏನಾದರೂ ಮಾತಾಡಿ ಎಂದು ಬೇಡಿದೆ. ಅವರು ಯತ್ನಿಸಿದರು. ಅದೇ ಹಳೆಯ ಸದ್ದು. ಹಾಡಿನೊಡನೆ ಬಂದ ಮಾತು ಹಾಡಿನೊಡನೆಯೇ ಹೋಗಿತ್ತು.

ಇದು ಪವಾಡವೆಂದು ನಾನು ಹೇಳಲಾರೆ. ಗಾಯನಕ್ಕೆ ಮಿದುಳಿನ ಬಲಭಾಗವೂ ನೆರವಾಗುವುದರಿಂದ ಹೀಗಾಗುವುದುಂಟೆಂದು ವೈದ್ಯರು ತಿಳಿಸಿದರು. ಸ್ವೀಡನ್ ದೇಶದ ಓಲೋಫ್ ಡಾಲಿನ್ ಎಂಬವರು 1745ರಷ್ಟು ಹಿಂದೆಯೇ ಇಂಥದೊಂದನ್ನು ದಾಖಲಿಸಿದ್ದರೆಂದು ಅನಂತರ ಓದಿ ತಿಳಿದೆ. ಬಲಭಾಗ ಸ್ವಾಧೀನ ತಪ್ಪಿ ಮಾತು ಕಳೆದುಕೊಂಡ ಒಬ್ಬಾತ, ಮೊದಲೇ ಕಲಿತಿದ್ದ ಸ್ತೋತ್ರಗೀತೆಗಳನ್ನು ಆರೋಗ್ಯವಂತರಷ್ಟೇ ಸ್ಪಷ್ಟವಾಗಿ ಹಾಡುತ್ತಿದ್ದನಂತೆ. ಒಂದೇ ಒಂದು ನಿಯಮ: ಆರಂಭಕ್ಕೆ ಯಾರಾದರೂ ಜೊತೆಗೂಡಿ ಹಾಡಬೇಕಿತ್ತು.

ಹುಡುಗರು ಹೋದ ಮೇಲೆ ದೀಪ ಆರಿಸಿ ಅವರ ಪಕ್ಕದಲ್ಲಿ ಕುಳಿತೆ. ನಕ್ಷತ್ರದ ಕೆಂಪು ಬೆಳಕು ಕಿಟಕಿಯಿಂದ ಬೀಳುತ್ತಿತ್ತು. "ಅಂದು ಸುಮ್ಮನಿರಿ ಎಂದೆ. ಕ್ಷಮಿಸಿ" ಎಂದೆ. ಅವರು ಎಡಗೈ ಎತ್ತಿ, ಮೆಲ್ಲಗೆ, ನನ್ನ ಬಾಯಿಯ ಮೇಲೆ ಬೆರಳಿಟ್ಟರು; ಅಂದು ತಮ್ಮ ಬಾಯಿಯ ಮೇಲೆ ಇಟ್ಟುಕೊಂಡ ಹಾಗೆಯೇ. ಅವರ ಕಣ್ಣು ನಗುತ್ತಿತ್ತು. ಮೂರು ವಾರಗಳಲ್ಲಿ ಮೊದಲ ಬಾರಿಗೆ ನಾನು ಸುಮ್ಮನೆ ಕುಳಿತೆ. ಪ್ರಾರ್ಥನೆಗೆ ಪದಗಳು ಬರಲಿಲ್ಲ, ಬೇಕೆಂದೂ ಅನಿಸಲಿಲ್ಲ. ದೇವರು ಅಲ್ಲಿದ್ದಾನೆಂಬುದು ಪಕ್ಕದಲ್ಲಿ ಕುಳಿತವರ ಉಸಿರಿನಷ್ಟು ಸಹಜವಾಗಿ ತಿಳಿಯಿತು.

ಆಮೇಲೆ ಲೂಕನ ಆ ಅಧ್ಯಾಯವನ್ನು ತೆರೆದು ಓದಿದೆ. ನಾನು ಕೇಳದೆ ಎದ್ದು ಬಂದ ಭಾಗ ಅದರಲ್ಲಿತ್ತು. ಜಕರೀಯನ ಮೌನ ಬರಿದಾದ ಮೌನವಲ್ಲ. ಅವನು ಮಾತಿಲ್ಲದೆ ಇದ್ದ ತಿಂಗಳುಗಳಲ್ಲೇ ಆ ಮನೆಯಲ್ಲಿ ಒಂದು ಜೀವ ಬೆಳೆಯುತ್ತಿತ್ತು. ಬಾಯಿ ತೆರೆದಾಗ ಅವನು ದೂರಲಿಲ್ಲ, ಹಾಡಿದನು. ಆ ಹಾಡು ನಮ್ಮ ಕಾಲುಗಳು ಸಮಾಧಾನದ ದಾರಿಯಲ್ಲಿ ನಡೆಯುವ ಮಾತಿನೊಡನೆ ಮುಗಿಯುತ್ತದೆ.

ಸಮಾಧಾನ ಎಂಬ ಪದವನ್ನು ಕುರಿತು ಒಂದು ಮಾತು ಹೇಳದಿದ್ದರೆ ನಾನು ಕನ್ನಡ ಅಧ್ಯಾಪಕಿಯೂ ಅಲ್ಲ, ನಮ್ಮವರ ಹೆಂಡತಿಯೂ ಅಲ್ಲ. ಕನ್ನಡ ಬೈಬಲಿನಲ್ಲಿ ಮನಸ್ಸಿನ ಶಾಂತಿಗೆ ಬಳಸಿರುವ ಪದ ಇದೇ. ಅಳುವ ಮಗುವನ್ನು ಸಂತೈಸುವುದೂ ಸಮಾಧಾನವೇ. ಶಾಸ್ತ್ರಗ್ರಂಥಗಳಲ್ಲಿ ಶಂಕೆಗೆ ಕೊಡುವ ಉತ್ತರಕ್ಕೂ ಸಮಾಧಾನವೆಂದೇ ಹೆಸರು. ಆ ಡಿಸೆಂಬರಿನಲ್ಲಿ ನಾನು ಕೇಳುತ್ತಿದ್ದುದು ಕೊನೆಯ ಅರ್ಥದ ಸಮಾಧಾನವನ್ನು: ಏಕೆ ಹೀಗಾಯಿತು, ಮಾತು ಬರುವುದೇ, ಯಾವಾಗ? ಅದು ನನಗೆ ಇಂದಿಗೂ ಸಿಕ್ಕಿಲ್ಲ. ಸಿಕ್ಕಿದ್ದು ಮೊದಲಿನೆರಡು. ಉತ್ತರ ಬಂದ ಮೇಲೆ ನೆಮ್ಮದಿಯೆಂದು ನಂಬಿದ್ದ ನನಗೆ, ಉತ್ತರ ಬಾರದೆಯೂ ನೆಮ್ಮದಿ ಬರಬಹುದೆಂದು ಆಗ ತಿಳಿಯಿತು. ಹಚ್ಚಲು ಒಂದೇ ಬತ್ತಿಯಿರುವ ವಾರದಲ್ಲಿ ಅಷ್ಟೇ ಬೆಳಕು. ಉಳಿದ ಬತ್ತಿಗಳು ಅಲ್ಲೇ ಇರುತ್ತವೆ, ಅವುಗಳ ವಾರ ಬರುವ ತನಕ.

ನಮ್ಮವರು 2011ರವರೆಗೆ ಬದುಕಿದ್ದರು. ಮಾತು ಮರಳಲಿಲ್ಲ. ಆದರೆ ಪ್ರತಿ ಸಂಜೆ ಪ್ರಾರ್ಥನೆಯ ವೇಳೆಗೆ ನಾನು ಮೊದಲ ಸಾಲನ್ನು ಎತ್ತಿಕೊಟ್ಟರೆ ಅವರು ಪೂರ್ತಿ ಹಾಡುತ್ತಿದ್ದರು. ಆ ಎಂಟು ವರ್ಷಗಳಲ್ಲಿ ನಾನು ಹಾಡಿದಷ್ಟು ಅದರ ಹಿಂದಿನ ಐವತ್ತೇಳು ವರ್ಷಗಳಲ್ಲಿ ಹಾಡಿರಲಿಲ್ಲ.

ಈಗ ಸಂಜೆಯ ಹಾಡನ್ನು ನಾನೊಬ್ಬಳೇ ಹಾಡುತ್ತೇನೆ. ಎರಡನೆಯ ಚರಣಕ್ಕೆ ಬಂದಾಗ ಅಭ್ಯಾಸಬಲದಿಂದ ದನಿ ತಗ್ಗಿಸುತ್ತೇನೆ. ಜಗಲಿಯಲ್ಲಿ ನಕ್ಷತ್ರ ಏರಿದೆ. ಕಟ್ಟಿಕೊಟ್ಟವನು ಪಕ್ಕದ ಮನೆಯ ಅಕ್ಕನ ಮೊಮ್ಮಗ. ಕಟ್ಟುವಾಗ ಅವನ ಬಾಯಿಗೆ ಬಿಡುವೇ ಇರಲಿಲ್ಲ. ಒಮ್ಮೆಯೂ ಸುಮ್ಮನಿರು ಎನ್ನಲಿಲ್ಲ, ಮಕ್ಕಳೇ. ನಿಮ್ಮ ಟೀಚರಿಗೂ ಅಷ್ಟು ಪಾಠವಾಗಿದೆ.

ನಿಮ್ಮೆಲ್ಲರ ಮನೆಗಳಲ್ಲಿ ಸಮಾಧಾನ ನೆಲೆಸಲಿ.